ಮರಳಿ ಬಂದ ನೀಲಿ ಪೆಟ್ಟಿಗೆ

2005ರ ಮಾರ್ಚ್ 26ರ ಶನಿವಾರ ಸಂಜೆ ಬಿಬಿಸಿ ಒನ್ ವಾಹಿನಿಯಲ್ಲಿ ‘ಡಾಕ್ಟರ್ ಹೂ’ ಮತ್ತೆ ಶುರುವಾಯಿತು. 1963ರ ನವೆಂಬರ್ 23ರಂದು ಹುಟ್ಟಿದ ಈ ವಿಜ್ಞಾನ ಕಥಾ ಸರಣಿಯ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಜನಿಸಿದ ವಾರಿಸ್ ಹುಸೇನ್. 1989ರ ಡಿಸೆಂಬರ್‌ನಲ್ಲಿ ಸರಣಿ ನಿಂತಿತು. 1996ರಲ್ಲಿ ಪಾಲ್ ಮೆಕ್‌ಗ್ಯಾನ್ ನಟಿಸಿದ ಟಿವಿ ಚಿತ್ರವೊಂದು ಬಂತು. ಬ್ರಿಟನ್ನಿನ ಸುಮಾರು 90 ಲಕ್ಷ ಜನ ಅದನ್ನು ನೋಡಿದರೂ ಮುಂದುವರಿಕೆ ಬರಲಿಲ್ಲ. ಕಾದಂಬರಿಗಳಲ್ಲಿ, ಧ್ವನಿ ನಾಟಕಗಳಲ್ಲಿ ಕಥೆಯನ್ನು ಜೀವಂತ ಇಟ್ಟುಕೊಂಡಿದ್ದ ಅಭಿಮಾನಿಗಳು ಹೊಸ ಕಂತಿನ ಮುಂದೆ ಆಸೆಯಷ್ಟೇ ಅಳುಕನ್ನೂ ಇಟ್ಟುಕೊಂಡು ಕುಳಿತದ್ದು ಸಹಜ.

ಪ್ರಸಾರಕ್ಕೆ ಕೆಲವು ವಾರ ಮೊದಲೇ ಕಂತಿನ ಪ್ರತಿಯೊಂದು ಸೋರಿಹೋಗಿತ್ತು. ಹಾಗಾಗಿ ವಾದ ಆ ಸಂಜೆಗೂ ಮುಂಚೆಯೇ ಹತ್ತಿಕೊಂಡಿತ್ತು. ಪ್ರಸಾರದ ಮೊದಲ ನಿಮಿಷಗಳಲ್ಲಿ ಇನ್ನೊಂದು ಕಾರ್ಯಕ್ರಮದ ನಿರೂಪಕ ಗ್ರಹಾಂ ನಾರ್ಟನ್ ಅವರ ದನಿ ತಾಂತ್ರಿಕ ದೋಷದಿಂದ ನಡುವೆ ನುಸುಳಿದ್ದನ್ನು ಅಂದು ನೋಡಿದವರು ಇಂದಿಗೂ ಮರೆತಿಲ್ಲ.

ಹಳಬರ ಆಕ್ಷೇಪಗಳು ಖಚಿತವಾಗಿದ್ದವು. ಮನುಷ್ಯನನ್ನು ನುಂಗಿ ತೇಗುವ ಕಸದ ಡಬ್ಬಿ ಅನೇಕರಿಗೆ ಹಿಡಿಸಲಿಲ್ಲ. ಮೊದಲು ವಾರವಾರವೂ ಸುಮಾರು 25 ನಿಮಿಷದಂತೆ ಬೆಳೆಯುತ್ತಿದ್ದ ಕಥೆ ಈಗ 45 ನಿಮಿಷದಲ್ಲೇ ಮುಗಿಯಬೇಕಿತ್ತು. ಪ್ಲಾಸ್ಟಿಕ್ ಜೀವಿಗಳಾದ ಆಟಾನ್‌ಗಳು ಒಂದು ಸೀಸೆಯ ದ್ರವಕ್ಕೆ ಸೋಲುವುದು ತೀರಾ ಸುಲಭವಾಯಿತೆಂಬ ದೂರು ನ್ಯಾಯವಾದದ್ದೇ. ಆದರೆ ಬರಹಗಾರ ರಸೆಲ್ ಟಿ. ಡೇವಿಸ್ ಆ ಕಂತನ್ನು ಕಟ್ಟಿದ್ದು ಆಟಾನ್‌ಗಳ ಸುತ್ತ ಅಲ್ಲ, ಲಂಡನ್ನಿನ ಅಂಗಡಿಯೊಂದರಲ್ಲಿ ದುಡಿಯುವ ರೋಸ್ ಟೈಲರ್ ಎಂಬ ಹುಡುಗಿಯ ಸುತ್ತ. ಕಾಲದಲ್ಲಿ ಸಂಚರಿಸುವ ನಾಯಕ ಡಾಕ್ಟರ್ ಯಾರೆಂಬುದು ಅವಳಿಗೆ ಗೊತ್ತಿಲ್ಲ. ಸರಣಿಯನ್ನು ಎಂದೂ ನೋಡದ ಮಕ್ಕಳಿಗೂ ಗೊತ್ತಿಲ್ಲ. ಅವಳು ಡಾಕ್ಟರನ ಕಾಲಯಂತ್ರವಾದ ನೀಲಿ ಪೆಟ್ಟಿಗೆಯೊಳಗೆ ಕಾಲಿಟ್ಟಾಗ ಅವರೂ ಮೊದಲ ಬಾರಿ ಕಾಲಿಟ್ಟರು. ಈ ಆಯ್ಕೆಯೇ ಕಂತಿನ ದೊಡ್ಡ ಗೆಲುವು. ರೋಸ್ ಪಾತ್ರ ಮಾಡಿದ ಬಿಲ್ಲಿ ಪೈಪರ್ ಅವರ ನಟನೆಗೆ ಶಂಕಿಸಿದ್ದವರೂ ತಲೆದೂಗಿದರು.

ಹಾಗೆಂದು ಹಳಬರಿಗೆ ಏನೂ ಸಿಗಲಿಲ್ಲವೆಂದಲ್ಲ. 1970ರಲ್ಲಿ ಆಟಾನ್‌ಗಳು ಮೊದಲು ಬಂದಾಗ ಅಂಗಡಿಯ ಗೊಂಬೆಗಳು ಗಾಜು ಒಡೆದು ಬೀದಿಗಿಳಿದದ್ದು ಕೇವಲ ಸದ್ದಿನಲ್ಲಿ ತಿಳಿಯುತ್ತಿತ್ತು. ಗಾಜು ಒಡೆಯುವುದನ್ನು ತೋರಿಸಲು ದುಡ್ಡಿರಲಿಲ್ಲ. 35 ವರ್ಷಗಳ ಮೇಲೆ ಆ ಗಾಜು ಕಣ್ಣೆದುರೇ ಚೂರುಚೂರಾಯಿತು. ಅದಕ್ಕಿಂತಲೂ ಆಳಕ್ಕೆ ತಾಕುವವನು ಕ್ಲೈವ್. ಹೆಂಡತಿ ಮಗನಿರುವ ಈ ಗೃಹಸ್ಥ ಡಾಕ್ಟರನ ಹಳೆಯ ಚಿತ್ರಗಳನ್ನು ಕೂಡಿಟ್ಟಿದ್ದಾನೆ. ಅಭಿಮಾನಿಗಳು ಅವನಲ್ಲಿ ತಮ್ಮನ್ನೇ ಕಂಡರು. ತಾನು ನಂಬಿದ್ದೆಲ್ಲ ನಿಜವೆಂದು ಅರಿವಾದ ಗಳಿಗೆಯಲ್ಲೇ ಅವನು ಸಾಯುತ್ತಾನೆ. ಅಭಿಮಾನಿಯನ್ನು ಅಣಕಿಸುವ ಉದ್ದೇಶ ಅಲ್ಲಿಲ್ಲ. ಡೇವಿಸ್ ತಾವೂ ಅದೇ ಬಳಗದವರು, 1996ರಲ್ಲಿ ‘ಡಾಕ್ಟರ್ ಹೂ’ ಕಾದಂಬರಿಯೊಂದನ್ನು ಬರೆದವರು.

ಕಂತನ್ನು ನೋಡಿದವರು ಸುಮಾರು 1.08 ಕೋಟಿ. 1989ರ ಕೊನೆಯ ಋತುವಿನ ಒಂದು ಕಂತು 31 ಲಕ್ಷಕ್ಕೆ ಇಳಿದಿದ್ದನ್ನು ಬಲ್ಲವರಿಗೆ ಇದು ನಂಬಲಾಗದ ಎಣಿಕೆ. ಮಾರ್ಚ್ 30ರಂದು ಎರಡನೆಯ ಋತುವಿಗೆ ಬಿಬಿಸಿ ಒಪ್ಪಿಗೆ ಕೊಟ್ಟಿತು. ಅಂದೇ ನಾಯಕ ಕ್ರಿಸ್ಟೋಫರ್ ಎಕ್ಲ್‌ಸ್ಟನ್ ಸರಣಿ ಬಿಡುವ ಸುದ್ದಿಯೂ ಹೊರಬಿತ್ತು. ಸಂಭ್ರಮದ ನಡುವೆ ಅದು ಬರಸಿಡಿಲಿನಂತೆ ಬಂತು. ಅವರ ಜಾಗಕ್ಕೆ ಏಪ್ರಿಲ್‌ನಲ್ಲಿ ಘೋಷಿತರಾದವರು ಡೇವಿಡ್ ಟೆನೆಂಟ್, ಚಿಕ್ಕಂದಿನಲ್ಲಿ ಈ ಸರಣಿಯನ್ನು ನೋಡಿಯೇ ನಟನಾಗಬೇಕೆಂದು ಬಯಸಿದ ಹುಡುಗ.