ಹೂತಿಟ್ಟ ತಲಾಂತು

ಹೊಸ ಒಡಂಬಡಿಕೆಯಲ್ಲಿ, ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ಯೇಸು ಹೇಳಿದ ಒಂದು ಸಾಮ್ಯವಿದೆ. ದೂರದೇಶಕ್ಕೆ ಹೊರಟ ಯಜಮಾನನೊಬ್ಬ ತನ್ನ ಆಸ್ತಿಯನ್ನು ಮೂವರು ಆಳುಗಳಿಗೆ ಒಪ್ಪಿಸುತ್ತಾನೆ. ಒಬ್ಬನಿಗೆ ಐದು ತಲಾಂತು, ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂದು. ಮೊದಲಿಬ್ಬರು ವ್ಯಾಪಾರ ಮಾಡಿ ಎರಡರಷ್ಟು ಮಾಡುತ್ತಾರೆ. ಮೂರನೆಯವನು ಹೆದರಿ, ನೆಲ ಅಗೆದು ಹೂತಿಡುತ್ತಾನೆ. ಯಜಮಾನ ಬಂದು ಲೆಕ್ಕ ಕೇಳಿದಾಗ ಮೊದಲಿಬ್ಬರಿಗೆ ಭೇಷ್ ಎನ್ನಿಸಿಕೊಳ್ಳುವ ಭಾಗ್ಯ. ಮೂರನೆಯವನಿಗೆ ಇದ್ದದ್ದೂ ಹೋಗಿ ಹೊರಗಿನ ಕತ್ತಲೆ.

ನಾನು ಈ ಗ್ರಂಥವನ್ನು ಓದುವುದು ಸಾಹಿತ್ಯವೆಂದು. ಕನ್ನಡ ಪಾಠ ಹೇಳಿಕೊಂಡು ಬಂದವಳಿಗೆ ಮೊದಲು ಕಣ್ಣಿಗೆ ಬೀಳುವುದು ಮಾತು. ತಲಾಂತು ಎನ್ನುವುದು ಒಂದು ತೂಕ. ಆ ತೂಕದ ಬೆಳ್ಳಿಯೆಂದರೆ ಆರು ಸಾವಿರ ದಿನಗಳ ಕೂಲಿ, ಹೆಚ್ಚುಕಡಿಮೆ ಇಪ್ಪತ್ತು ವರ್ಷದ ದುಡಿಮೆ. ಅಂದರೆ ಒಂದೇ ತಲಾಂತು ಪಡೆದವನೂ ಬಡವನಲ್ಲ. ಇದೇ ಕಥೆಯಿಂದಲೇ ಇಂಗ್ಲಿಷಿನ ‘ಟ್ಯಾಲೆಂಟ್’ ಎಂಬ ಪದಕ್ಕೆ ಪ್ರತಿಭೆ ಎಂಬ ಅರ್ಥ ಬಂದದ್ದು. ಟೀವಿಯಲ್ಲಿ ಹಾಡುವ ಮಕ್ಕಳನ್ನು ನೋಡಿ ‘ಎಂಥ ಟ್ಯಾಲೆಂಟು’ ಎನ್ನುವಾಗ ನಾವು ತಿಳಿಯದೆಯೇ ಈ ಕಥೆಯನ್ನು ನೆನೆಯುತ್ತಿರುತ್ತೇವೆ.

ಕನ್ನಡ ಬೈಬಲಿನ ಇನ್ನೊಂದು ಮಾತು ನನಗೆ ಬಹಳ ಹಿಡಿಸಿದೆ: ಮನೆವಾರ್ತೆ. ಮನೆವಾರ್ತೆಯವನೆಂದರೆ ಒಡೆಯನ ಮನೆಯ ವ್ಯವಹಾರ ನೋಡಿಕೊಳ್ಳುವವನು. ಅವನ ಕೈಯಲ್ಲಿ ಎಲ್ಲವೂ ಇದೆ, ಯಾವುದೂ ಅವನದಲ್ಲ. ಹಾಡು, ಓದು, ಕೈಕುಶಲ ಏನೇ ಇರಲಿ, ಅದು ದೇವರು ನಂಬಿ ಕೊಟ್ಟ ಗಂಟು, ಇತರರಿಗೆ ಬಳಸಲೆಂದೇ ಕೊಟ್ಟದ್ದು ಎಂಬುದು ಕ್ರೈಸ್ತರ ನಂಬಿಕೆ. ನಮ್ಮ ಭರಮಸಾಗರದಂಥ ಕೆರೆಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆಯ ನೀರುಗಂಟಿ ನೀರಿನ ಒಡೆಯನಲ್ಲ. ಆದರೆ ತೂಬು ಎತ್ತುವ ಹೊತ್ತು ಅವನಿಗೆ ಗೊತ್ತು, ಅಚ್ಚುಕಟ್ಟಿನ ಕೊನೆಯ ಮಡಿಗೂ ನೀರು ಮುಟ್ಟಿತೇ ಎಂದು ನೋಡುವ ಹೊಣೆ ಅವನದು.

ಇಂಥ ಮನೆವಾರ್ತೆ ನಮ್ಮ ಭಾಷೆಯಲ್ಲೇ ನಡೆದದ್ದುಂಟು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಇಲ್ಲಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಆದರೆ ಅವರಿಗಿದ್ದ ವರ ಶಬ್ದಗಳದು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ, ಕೊನೆಗೆ 1894ರಲ್ಲಿ ಮಂಗಳೂರಿನಿಂದ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು. ಹಳಗನ್ನಡ ಕಾವ್ಯದ ಪದದ ಪಕ್ಕದಲ್ಲೇ ಹೊಲದ ಮಾತು, ಅಡುಗೆಮನೆಯ ಮಾತು, ಗಾದೆ. ಆ ನಿಘಂಟನ್ನು ತೆರೆಯುವವರನ್ನು ನಿನ್ನ ಮತ ಯಾವುದೆಂದು ಅದು ಕೇಳುವುದಿಲ್ಲ. ಸೇವೆಯೆಂದರೆ ಹೀಗಿರಬೇಕು ಎನಿಸುತ್ತದೆ. ಆದರೂ ಒಂದು ಮಾತು. ಮುಖಪುಟದ ಮೇಲಿರುವುದು ಒಬ್ಬರ ಹೆಸರು. ಬೀಸುತ್ತಾ, ನಾಟಿ ಹಾಕುತ್ತಾ ಆ ಗಾದೆಗಳನ್ನು ನಾಲಿಗೆಯ ಮೇಲೆ ಉಳಿಸಿಕೊಂಡು ಬಂದ ಹೆಂಗಸರದ್ದೂ ಒಂದು ಮನೆವಾರ್ತೆಯೇ ಅಲ್ಲವೇ?

ಇಲ್ಲಿಂದಲೇ ಸಾಮ್ಯದ ಬಗ್ಗೆ ನನ್ನ ತಕರಾರು ಶುರುವಾಗುತ್ತದೆ. ಮೂರನೆಯ ಆಳನ್ನು ಯಜಮಾನ ಮೈಗಳ್ಳನೆಂದು ಬೈಯುತ್ತಾನೆ. ಆದರೆ ಅವನು ಹೇಳಿದ್ದು ‘ನನಗೆ ಹೆದರಿಕೆಯಾಯಿತು’ ಎಂದು. ತರಗತಿಯ ಕೊನೆಯ ಬೆಂಚಿನಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಿಡದ ಹುಡುಗಿಯರನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಅವರು ಮೈಗಳ್ಳರಲ್ಲ. ಇನ್ನು ನಮ್ಮಲ್ಲಿ ಎಷ್ಟೋ ಜನರ ತಲಾಂತನ್ನು ಹೂತವರು ನಾವೇ ಅಲ್ಲ. ಮದುವೆಯಾದ ಮೇಲೆ ಹಾರ್ಮೋನಿಯಂ ಅಟ್ಟಕ್ಕೆ ಹೋಯಿತು, ಬರೆದ ಪುಸ್ತಕ ಒಲೆ ಹೊತ್ತಿಸಲು ಹೋಯಿತು. ಯಾರು ಹೂತರು ಎಂಬ ಪ್ರಶ್ನೆಯನ್ನು ಈ ಕಥೆ ಕೇಳುವುದಿಲ್ಲ.

ಅದಕ್ಕೆ ತದ್ವಿರುದ್ಧವಾದ ಕಷ್ಟವೂ ಇದೆ. ಜಾತ್ರೆಯಾಗಲಿ, ಚರ್ಚಿನ ಹಬ್ಬವಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ರಂಗೋಲಿಗೆ, ಅಡುಗೆಗೆ, ಸ್ವಾಗತಗೀತೆಗೆ ಹೆಂಗಸರು ಬೇಕು. ‘ಸೇವೆ’ ಎಂದು ಕರೆದರೆ ಸಾಕು, ಬಿಡುವಿದೆಯೇ ಎಂದು ಯಾರೂ ಕೇಳುವುದಿಲ್ಲ. ಸಾಮ್ಯವನ್ನು ಇಂಥವರು ಅರ್ಧವೇ ಓದಿದ್ದಾರೆ. ಯಜಮಾನ ಅವರವರ ಸಾಮರ್ಥ್ಯ ನೋಡಿ ಕೊಟ್ಟ, ಕೊಟ್ಟು ಹೊರಟುಹೋದ. ಹೀಗೇ ವ್ಯಾಪಾರ ಮಾಡು, ಇವರ ಕೂಡ ಮಾಡು ಎನ್ನಲಿಲ್ಲ. ಒಪ್ಪಿಸಿದ ಮೇಲೆ ನಿರ್ಧಾರ ಆಳಿನದು. ನೀರುಗಂಟಿಯ ಕೈಯಿಂದ ತೂಬನ್ನು ಕಿತ್ತುಕೊಂಡು, ನೀರು ಹರಿಯಲಿಲ್ಲವೆಂದು ಅವನನ್ನೇ ಬೈಯುವುದು ನ್ಯಾಯವಲ್ಲ.

ಈ ಕಥೆಯ ಪಕ್ಕದಲ್ಲಿಟ್ಟು ನೋಡಬೇಕಾದದ್ದು ನಮ್ಮ ಆಯ್ದಕ್ಕಿ ಲಕ್ಕಮ್ಮನ ಕಥೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿಗಳು ಅವರು. ಒಂದು ದಿನ ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದವಳು ಲಕ್ಕಮ್ಮ. ಆಳುಗಳ ಕಥೆಯಲ್ಲಿ ಗಂಟು ಎರಡರಷ್ಟಾದರೆ ಭೇಷ್. ಇಲ್ಲಿ ಎರಡರಷ್ಟಾದದ್ದೇ ತಪ್ಪು. ಇಬ್ಬರೂ ಹೇಳುವುದು ಮಾತ್ರ ಒಂದೇ, ಇದು ನಮ್ಮದಲ್ಲ ಎಂದು. ಆದರೆ ಎಷ್ಟು ತರಬೇಕು, ಎಷ್ಟು ಬಡಿಸಬೇಕು ಎಂಬ ಅಳತೆ ಲಕ್ಕಮ್ಮನ ಕೈಯಲ್ಲಿತ್ತು.

ಸೋದರಿಯರೇ, ನಮ್ಮಲ್ಲಿರುವುದನ್ನು ಹೂತಿಡುವುದು ಬೇಡ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಓಣಿಯ ನಾಲ್ಕು ಮಕ್ಕಳಿಗೆ ಸಂಜೆ ಮಗ್ಗಿ ಹೇಳಿಕೊಟ್ಟರೂ ಅದು ತಲಾಂತೇ, ಸೋಬಾನೆ ಪದ ಬಲ್ಲ ಅಜ್ಜಿ ಅದನ್ನು ಮೊಮ್ಮಗಳಿಗೆ ಕಲಿಸಿದರೂ ಅಷ್ಟೇ. ಆದರೆ ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ನಾವೇ ಹೇಳಬೇಕು. ಹಾಗೆ ಹೇಳಲಾಗದ ಕಡೆ ನಡೆಯುವುದು ಬಿಟ್ಟಿ ಚಾಕರಿ, ಮನೆವಾರ್ತೆಯಲ್ಲ.