ಬಾಡಿ ನಮ್ದು, ಇಂಜಿನ್ ಕಂಪ್ನಿದು

ತ್ಯಾವಣಿಗೆಯಲ್ಲಿ ದಾವಣಗೆರೆ ರಸ್ತೆಗೆ ಅಂಟಿಕೊಂಡಂತೆ ಒಂದು ವೆಲ್ಡಿಂಗ್ ಶೆಡ್ಡಿದೆ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವುದು ಅಲ್ಲಿನ ಕಸುಬು. ಭದ್ರಾ ಚಾನಲ್ಲಿಗೆ ನೀರು ಬಿಟ್ಟು, ಭತ್ತ ನಾಟಿಯಾಗಿ, ಕೊಯ್ಲು ಹತ್ತಿರವಾಯಿತೆಂದರೆ ಶೆಡ್ಡಿನವರಿಗೆ ನಿದ್ದೆ ಇರುವುದಿಲ್ಲ. ಒಂದು ಮಧ್ಯಾಹ್ನ ಅಲ್ಲಿನ ಹುಡುಗರು ಊಟ ಮುಗಿಸಿ ಮೊಬೈಲಿನಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದ ವಿಡಿಯೊ ನೋಡುತ್ತಿದ್ದರು. ತೇಜಸ್ ಮೂಗೆತ್ತಿ ನೆಟ್ಟಗೆ ಆಕಾಶಕ್ಕೆ ಹತ್ತಿತು. "ನಮ್ದೇ ಅಣ್ಣ, ಬೆಂಗ್ಳೂರಾಗೆ ಮಾಡಿದ್ದು" ಎಂದ ಒಬ್ಬ. ಮೇಸ್ತ್ರಿ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿ, "ಬಾಡಿ ಬಿಡಪ, ನಾವೂ ಕಟ್ತೀವಿ. ಇಂಜಿನ್ ಯಾರ್ದು?" ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಿದ. ಅಮೆರಿಕದ್ದು ಎಂದೆ. ಮೇಸ್ತ್ರಿ ನಗಲಿಲ್ಲ, ಕನ್ನಡಕ ಇಳಿಸಿಕೊಂಡು ಕೆಲಸಕ್ಕೆ ಕೂತರು.

ಭಾರತೀಯ ವಾಯುಪಡೆಯ ಚರಿತ್ರೆ ಎಂದು ನಮಗೆ ಸಿಗುವ ಬರಹಗಳಲ್ಲಿ ಈ ಪ್ರಶ್ನೆ ಇರುವುದೇ ಇಲ್ಲ. ಅಲ್ಲಿರುವುದು ಗೆದ್ದ ಯುದ್ಧ, ಮಡಿದ ವೀರ, ವಿಮಾನಗಳ ಎಣಿಕೆ. 1932ರ ಅಕ್ಟೋಬರ್ 8ರಂದು ಹುಟ್ಟಿತು, ಮರುವರ್ಷ ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಮೊದಲ ಸ್ಕ್ವಾಡ್ರನ್ ಕಟ್ಟಿತು, ಈಗ ರಫೇಲ್, ಸುಖೋಯ್ ಹಾರಿಸುತ್ತಿದೆ, ಇಷ್ಟು. ವೀರರ ಲೆಕ್ಕವಾದರೂ ಸರಿಯಾಗಿದೆಯೇ ಎಂದರೆ ಅದೂ ಇಲ್ಲ. ಕೊಡಗಿನ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ತನ್ನ ಮಿಸ್ಟೇರ್‌ಗಿಂತ ಬಹಳ ಹೆಚ್ಚು ವೇಗದ ಸ್ಟಾರ್‌ಫೈಟರನ್ನು ಕೆಡವಿ ಪ್ರಾಣ ಬಿಟ್ಟರು. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಅದೂ ಪಾಕಿಸ್ತಾನದ ಕಡೆಯ ಕಥೆಯನ್ನು ಕೆದಕಿದ ಬ್ರಿಟಿಷ್ ಲೇಖಕನೊಬ್ಬನ ಪುಸ್ತಕ ಬಾಯಿಬಿಟ್ಟಿದ್ದರಿಂದ.

ಮೇಸ್ತ್ರಿಯ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ಬೆಂಗಳೂರಿನ ಎಚ್‌ಎಎಲ್ ಸಿಗುತ್ತದೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ಕಾರ್ಖಾನೆ. 1951ರಲ್ಲಿ ಅಲ್ಲಿಂದ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸ ವಿ. ಎಂ. ಘಾಟಗೆ ಅವರದು, ಎಂಜಿನ್ ಬ್ರಿಟನ್ನಿನದು. ಆಮೇಲೆ ಬಂದದ್ದು ಮರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ಕೈಗೆ ಸಿಕ್ಕ ಸಲಕರಣೆಯಲ್ಲೇ ವಿನ್ಯಾಸ ಮಾಡಿದ ವಿಮಾನ. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಏಷ್ಯಾದಲ್ಲಿ ಆಗ ಜೆಟ್ ಯುದ್ಧವಿಮಾನವನ್ನು ತಾವೇ ವಿನ್ಯಾಸ ಮಾಡಿ ಹಾರಿಸುವ ದೇಶಗಳು ಎಷ್ಟಿದ್ದವು?

ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ಒಂದು ಮರುತ್ ನಿಲ್ಲಿಸಿದ್ದಾರೆ. ಪಕ್ಕಕ್ಕೆ ನಿಂತು ನೋಡಿದರೆ ನಡು ಸಣ್ಣಗಾಗಿ ಮತ್ತೆ ಹಿಂದಕ್ಕೆ ತುಂಬಿಕೊಂಡಿರುವುದು ಕಾಣುತ್ತದೆ. ಶಬ್ದದ ವೇಗ ದಾಟುವಾಗ ಗಾಳಿಯ ತಡೆ ತಗ್ಗಲೆಂದೇ ಹಾಗೆ ಸೊಂಟ ಹಿಂಡಿದ್ದು. ಆದರೆ ನೇರ ಹಾರಾಟದಲ್ಲಿ ಮರುತ್ ಶಬ್ದದ ವೇಗ ದಾಟಲೇ ಇಲ್ಲ. ಹಿಂದಕ್ಕೆ ಹೋಗಿ ನೋಡಿ, ಜೋಡಿ ಹೊಗೆಕೊಳವೆ. ಅದರೊಳಗೆ ಇರಬೇಕಿದ್ದದ್ದು ಆರ್ಫಿಯಸ್ ಎಂಬ ಬ್ರಿಟಿಷ್ ಎಂಜಿನ್ನಿನ ಹೆಚ್ಚು ಬಲದ ಮಾದರಿ. ಅದರ ಕೆಲಸವನ್ನು ಬ್ರಿಟನ್ನಿನವರು ಅರ್ಧಕ್ಕೇ ನಿಲ್ಲಿಸಿದರು, ಮುಂದುವರಿಸಲು ಬೇಕಾದ ಹಣ ಹಾಕಲು ನಾವೂ ಒಪ್ಪಲಿಲ್ಲ. ಈಜಿಪ್ಟಿನ ಎಂಜಿನ್ ಹಾಕಿಸೋಣವೆಂದು ಒಂದು ಮರುತನ್ನು ಅಲ್ಲಿಯವರೆಗೂ ಕಳಿಸಿದ್ದಾಯಿತು, ಅದೂ ಕೈಕೊಟ್ಟಿತು. ಇದ್ದ ಎಂಜಿನ್ನಿಗೇ ಬಲ ಕೂಡಿಸುವ ಯತ್ನದಲ್ಲಿದ್ದಾಗ, 1970ರ ಜನವರಿ 10ರಂದು, ಸುರಂಜನ್ ದಾಸ್ ಬೆಂಗಳೂರಿನಲ್ಲೇ ಮರುತ್ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ಇವತ್ತು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಲ್ಲಿ ಎಷ್ಟು ಜನಕ್ಕೆ ಆ ಹೆಸರಿನ ಗುರುತು ಇದೆಯೋ.

ಹಾಗೆಂದು ಮರುತ್ ಕೆಟ್ಟ ವಿಮಾನವೇನಲ್ಲ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ದುಡಿದಿದೆ. ನೆಲದಿಂದ ಗುಂಡು ತಾಗಿ ಒಂದು ಎಂಜಿನ್ ಸತ್ತರೂ ಇನ್ನೊಂದರ ಮೇಲೆ ಮನೆ ಸೇರಿದೆ. ಕಟ್ಟಿದ್ದು 147. ಅಷ್ಟಕ್ಕೇ ನಿಂತಿತು. ನನ್ನ ತಕರಾರು ಮರುತ್ ಸೋತಿತೆಂದಲ್ಲ. ಅದರಿಂದ ಕಲಿತ ಕೈಗಳನ್ನೆಲ್ಲ ಚದುರಿಸಿ, ಮುಂದಿನ ಯುದ್ಧವಿಮಾನಕ್ಕೆ ಮತ್ತೆ ಅ ಆ ಇ ಈಯಿಂದ ಶುರು ಮಾಡಿದೆವಲ್ಲ, ಅದು.

1963ರಲ್ಲಿ ಬಂದ ಮಿಗ್-21ಕ್ಕೆ ಬದಲಿ ಬೇಕೆಂದು 1983ರಲ್ಲಿ ತೇಜಸ್ ಯೋಜನೆ ಶುರುವಾಯಿತು. ಅದಕ್ಕೆಂದೇ 1989ರಲ್ಲಿ ಕಾವೇರಿ ಎಂಜಿನ್ ಯೋಜನೆಗೆ 383 ಕೋಟಿ ರೂಪಾಯಿಯ ಮಂಜೂರಾತಿ ಸಿಕ್ಕಿತು. ಜೆಟ್ ಎಂಜಿನ್ನಿನ ಕಷ್ಟ ಎಲ್ಲಿದೆಯೆಂದರೆ, ಉರಿಯುವ ಅನಿಲದ ಶಾಖ ಟರ್ಬೈನ್ ಅಲಗಿನ ಲೋಹ ಕರಗುವ ಶಾಖಕ್ಕಿಂತ ಹೆಚ್ಚಿರುತ್ತದೆ. ಆ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯಬೇಕು, ಒಳಗೆ ಕೂದಲೆಳೆಯಂಥ ದಾರಿ ಕೊರೆದು ಗಾಳಿ ಹಾಯಿಸಿ ತಂಪಾಗಿಡಬೇಕು. ಈ ಕೌಶಲ ಗೊತ್ತಿರುವ ದೇಶಗಳು ಬೆರಳೆಣಿಕೆಯಷ್ಟು, ಅವು ಯಾರಿಗೂ ಸುಲಭಕ್ಕೆ ಹೇಳಿಕೊಡುವುದಿಲ್ಲ. ಕಾವೇರಿಯಿಂದ 81 ಕಿಲೋನ್ಯೂಟನ್ ನೂಕುಬಲ ಬೇಕಿತ್ತು, ಅಷ್ಟು ಬರಲಿಲ್ಲ. ತೂಕ ಬೇಕಾದ್ದಕ್ಕಿಂತ ಹೆಚ್ಚಾಯಿತು. 2008ರಲ್ಲಿ ತೇಜಸ್‌ನಿಂದ ಕಾವೇರಿಯನ್ನು ಬಿಡಿಸಿದರು. ನನಗೆ ಇದಕ್ಕಿಂತ ಕಸಿವಿಸಿ ತರುವುದು ಇನ್ನೊಂದು ಸಂಗತಿ. ಎತ್ತರದ ಆಕಾಶದಲ್ಲಿ ಎಂಜಿನ್ ಹೇಗೆ ನಡೆದುಕೊಳ್ಳುತ್ತದೆಂದು ನೆಲದ ಮೇಲೇ ಪರೀಕ್ಷಿಸುವ ದೊಡ್ಡ ಕೋಣೆ ನಮ್ಮಲ್ಲಿರಲಿಲ್ಲ. ಬೆಂಗಳೂರಿನಲ್ಲಿ ಮಾಡಿದ ಎಂಜಿನ್ನನ್ನು ಪೆಟ್ಟಿಗೆಯಲ್ಲಿಟ್ಟು ರಷ್ಯಾಕ್ಕೆ ಕಳಿಸಬೇಕು, ಸರದಿ ಕಾಯಬೇಕು, ತಪ್ಪು ಕಂಡರೆ ವಾಪಸ್ ತರಿಸಿ ತಿದ್ದಿ ಮತ್ತೆ ಕಳಿಸಬೇಕು.

ಈ ಕೊರತೆಯ ಬಿಲ್ಲು ಈಗ ಬಂದಿದೆ. 2021ರಲ್ಲಿ ರಕ್ಷಣಾ ಸಚಿವಾಲಯ ವಾಯುಪಡೆಗೆಂದು 83 ತೇಜಸ್ ವಿಮಾನಗಳಿಗೆ ಸಹಿ ಹಾಕಿತು, 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97ಕ್ಕೆ. ಮೊದಲ ವಿಮಾನ 2024ರ ಮಾರ್ಚ್‌ನೊಳಗೆ ಸಿಗಬೇಕಿತ್ತು. ಆದರೆ ಅಮೆರಿಕದ ಜಿಇ ಕಂಪನಿ ತೇಜಸ್‌ಗೆ ಬೇಕಾದ ಎಫ್-404 ಎಂಜಿನ್ ಮಾದರಿಯ ತಯಾರಿಕೆಯನ್ನೇ ಕೆಲವು ವರ್ಷ ನಿಲ್ಲಿಸಿತ್ತು. ಮತ್ತೆ ಶುರು ಮಾಡಿ ಈ ಗುತ್ತಿಗೆಯ ಮೊದಲ ಎಂಜಿನ್ ಕೊಟ್ಟದ್ದು 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಕಟ್ಟಿ ಮುಗಿದ ವಿಮಾನಗಳು ಎಂಜಿನ್ನಿಗಾಗಿ ಕಾದು ನಿಂತವು. ಎಲ್ಲ ತಪ್ಪನ್ನೂ ಎಂಜಿನ್ನಿನ ತಲೆಗೆ ಕಟ್ಟುವುದೂ ಸರಿಯಲ್ಲ, ರೇಡಾರ್ ಮತ್ತು ಕ್ಷಿಪಣಿಗಳ ಜೋಡಣೆಯ ಕೆಲಸಗಳೂ ಬಾಕಿ ಇದ್ದವು. 2025ರ ಫೆಬ್ರವರಿಯಲ್ಲಿ ಯಲಹಂಕದ ಪ್ರದರ್ಶನದಲ್ಲೇ ವಾಯುಪಡೆಯ ಮುಖ್ಯಸ್ಥ ಎ. ಪಿ. ಸಿಂಗ್ ಎಚ್‌ಎಎಲ್ ಮೇಲೆ ತಮಗೆ ಭರವಸೆ ಇಲ್ಲವೆಂದು ಹೇಳಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಆ ವರ್ಷ ಸೆಪ್ಟೆಂಬರ್ 26ಕ್ಕೆ ಮಿಗ್-21 ನಿವೃತ್ತಿಯಾಯಿತು. 42 ಸ್ಕ್ವಾಡ್ರನ್ ಇರಬೇಕಾದ ಪಡೆಯಲ್ಲಿ ಉಳಿದದ್ದು 29.

ಕೊಂಡ ಎಂಜಿನ್ ಅವಮಾನವೇ? ಅಲ್ಲ. ಸ್ವೀಡನ್ನಿನ ಗ್ರಿಪೆನ್ ಕೂಡ ಮೊದಲು ಹಾರಿದ್ದು ಇದೇ ಎಫ್-404ರ ವಂಶದ ಎಂಜಿನ್ ಮೇಲೆ. ಆದರೆ ವೋಲ್ವೋದವರು ಅದನ್ನು ತಮ್ಮಲ್ಲೇ ತಯಾರಿಸಿದರು, ತಮಗೆ ಬೇಕಾದಂತೆ ಬದಲಿಸಿಕೊಂಡರು. ನಾವು ವಿಮಾನದ ಮೇಲೆ ಸ್ವದೇಶಿ ಎಂದು ಬರೆದು ಎಂಜಿನ್ ಕಡೆ ನೋಡುವುದನ್ನು ಬಿಟ್ಟೆವು.

ಇದೆಲ್ಲ ಬೆಂಗಳೂರಿನ ಕಥೆ, ನಮಗೇನು ಎನ್ನುವಂತಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒಗೆ ಹೋಯಿತು. ದನ, ಕುರಿ ಮೇಯಿಸುತ್ತಿದ್ದವರ ಎದುರಿಗೆ ಗೋಡೆ ಎದ್ದಿತು, ಊರಿನವರು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ಅಲ್ಲಿ ಹಾರಿಸಿ ನೋಡುತ್ತಿದ್ದ ರುಸ್ತುಂ-2 ಡ್ರೋನ್, ಅಂದರೆ ತಪಸ್, 2019ರ ಸೆಪ್ಟೆಂಬರ್ 17ರ ಬೆಳಗ್ಗೆ ಜೋಡಿಚಿಕ್ಕೇನಹಳ್ಳಿಯ ಹೊಲಕ್ಕೆ ಬಿತ್ತು. 2023ರ ಆಗಸ್ಟ್‌ನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯಲ್ಲಿ. 30 ಸಾವಿರ ಅಡಿ ಎತ್ತರ, 24 ಗಂಟೆ ಹಾರಾಟ ಬೇಕೆಂದಿದ್ದರು. ಸಿಕ್ಕಿದ್ದು 28 ಸಾವಿರ ಅಡಿ, 18 ಗಂಟೆ. ಪರೀಕ್ಷೆಯಲ್ಲಿ ಬೀಳುವುದು ತಪ್ಪಲ್ಲ, ಬಿದ್ದೇ ಕಲಿಯಬೇಕು. ಮೇವಿನ ನೆಲ ಕೊಟ್ಟವರಿಗೆ ಏನು ಕಲಿತೆವೆಂದು ಯಾರಾದರೂ ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟದ್ದನ್ನು ನಾನಂತೂ ನೋಡಿಲ್ಲ.

ಮೊನ್ನೆ ಮತ್ತೆ ಶೆಡ್ಡಿನ ಕಡೆ ಹೋಗಿದ್ದೆ. ಕಾವೇರಿಯ ಕಥೆ ಹೇಳಿದೆ. ಪೈಲಟ್ ಇಲ್ಲದ ವಿಮಾನಕ್ಕಾದರೂ ಆದೀತೆಂದು ಅದರ ಇನ್ನೊಂದು ರೂಪವನ್ನು ಪರೀಕ್ಷಿಸುತ್ತಿದ್ದಾರೆ ಎಂದೆ. "ಎಲ್ಲಿ?" ಎಂದರು ಮೇಸ್ತ್ರಿ. ರಷ್ಯಾದಲ್ಲಿ ಎಂದೆ. "ಇನ್ನೂ ಅಲ್ಲೇನಾ?" ಎಂದವರು ಹುಡುಗನನ್ನು ಕರೆದು, ಬಣ್ಣ ಒಣಗಿದ ಟ್ರೇಲರನ್ನು ಇಬ್ಬರೂ ಸೇರಿ ಹೊರಗೆ ನೂಕಿದರು. ಮೂತಿಯ ಕೊಕ್ಕೆಯನ್ನು ಒಂದು ಸೈಜುಗಲ್ಲಿನ ಮೇಲೆ ಇಟ್ಟರು. ಎಳೆದೊಯ್ಯುವ ಟ್ರ್ಯಾಕ್ಟರ್ ಸಂಜೆಗೆ ಬರಬೇಕಿತ್ತು.