ಪಾತ್ರದ ದನಿ, ಬಾಳಿನ ದನಿ

ಕನ್ನಡ ವ್ಯಾಕರಣದ ಒಂದು ಸಣ್ಣ ಸಂಗತಿಯಿಂದ ಈ ವಿಮರ್ಶೆಯನ್ನು ಆರಂಭಿಸಬೇಕಾಗಿದೆ. ‘ಅವನು ಬಂದನು’, ‘ಅವಳು ಬಂದಳು’ ಎಂಬಲ್ಲಿ ಕ್ರಿಯಾಪದವು ಲಿಂಗವನ್ನು ಸೂಚಿಸುತ್ತದೆ. ‘ನಾನು ಬಂದೆನು’ ಎಂಬಲ್ಲಿ ಸೂಚಿಸುವುದಿಲ್ಲ. ಹಿಂದಿ ಮರಾಠಿಗಳಲ್ಲಿ ತನ್ನ ಬರವನ್ನು ತಾನೇ ತಿಳಿಸುವಾಗಲೂ ಹೆಂಗಸು ಒಂದು ರೂಪವನ್ನು, ಗಂಡಸು ಇನ್ನೊಂದನ್ನು ಬಳಸಬೇಕು. ಕನ್ನಡಿಗರಿಗೆ ಆ ನಿರ್ಬಂಧವಿಲ್ಲ. ಉತ್ತಮ ಪುರುಷದಲ್ಲಿ ನಮ್ಮ ನುಡಿಯು ಯಾರನ್ನೂ ವಿಂಗಡಿಸದು. ವಿಂಗಡಿಸುವವರು ಕೇಳುವವರೇ. ಅದಕ್ಕೆ ಅವರಿಗೆ ಆಧಾರ, ಮುಖ ಕಾಣುವಲ್ಲಿ ಮುಖ; ಕಾಣದಲ್ಲಿ ಕಂಠ.

ಬಿ. ಎಸ್. ಲಿಂಗದೇವರು ಅವರು ನಿರ್ದೇಶಿಸಿ 2015ರಲ್ಲಿ ತೆರೆಗೆ ಬಂದ ‘ನಾನು ಅವನಲ್ಲ ಅವಳು’ ಎಂಬ ಚಿತ್ರದ ಹೆಸರಿನಲ್ಲಿಯೇ ಈ ಸಂಗತಿಯೆಲ್ಲ ಅಡಗಿದೆ. ಲಿಂಗವನ್ನು ಹೇಳದ ‘ನಾನು’, ಲೋಕವು ಹೊರಿಸಿದ ‘ಅವನು’, ತಾನು ನಿಜವೆಂದು ಬಲ್ಲ ‘ಅವಳು’: ಈ ಮೂರು ಸರ್ವನಾಮಗಳ ನಡುವಿನ ಯಾತನೆಯೇ ಕಥೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರು ತಮಿಳಿನಲ್ಲಿ ಬರೆದ ಆತ್ಮಕಥೆ ಇದಕ್ಕೆ ಆಧಾರ. ವಿದ್ಯೆಯ ಪಾತ್ರವನ್ನು ವಹಿಸಿದ ಸಂಚಾರಿ ವಿಜಯ್ ಅವರಿಗೆ 2014ನೆಯ ಸಾಲಿನ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಚಿತ್ರದ ಪ್ರಸಾಧನ ಕಲೆಗೂ ಪ್ರಶಸ್ತಿ ಸಂದಿತು. 2021ರಲ್ಲಿ ಅಕಾಲ ಮೃತ್ಯುವಿಗೆ ತುತ್ತಾದ ಆ ನಟರಿಗೆ ಸಂದ ಗೌರವವು ಯೋಗ್ಯವಾದುದೇ. ಆದರೆ ಇಂತಹ ಅಭಿನಯವನ್ನು ನಾವು ಯಾವ ಮಾನದಿಂದ ಅಳೆಯುತ್ತೇವೆಂಬುದು ವಿಚಾರಾರ್ಹವಾಗಿದೆ.

‘ಗಂಡಸೆಂಬುದು ತಿಳಿಯಲೇ ಇಲ್ಲ’ ಎಂದು ಹೊಗಳುವುದು ನಮ್ಮ ರಂಗವಿಮರ್ಶೆಯ ಹಳೆಯ ರೂಢಿ. 1905ರಲ್ಲಿ ಕಿರ್ಲೋಸ್ಕರ ಮಂಡಳಿಯನ್ನು ಸೇರಿದ ಬಾಲಗಂಧರ್ವರ ಸ್ತ್ರೀಪಾತ್ರಗಳಿಗೂ, ಯಕ್ಷಗಾನದ ಸ್ತ್ರೀವೇಷಗಳಿಗೂ ಈ ಹೊಗಳಿಕೆಯೇ ಸಲ್ಲುತ್ತಿತ್ತು. ರಂಗಸ್ಥಳದ ಮಟ್ಟಿಗೆ ಇದು ಅನ್ಯಾಯವಲ್ಲ. ಅಲ್ಲಿ ದನಿಯು ಪಾತ್ರದ ಆಭರಣಗಳಲ್ಲಿ ಒಂದು. ಬೆಳಗಾಗುವ ಹೊತ್ತಿಗೆ ಗೆಜ್ಜೆಯೊಡನೆ ಅದನ್ನೂ ಬಿಚ್ಚಿಡಬಹುದು. ಈ ಮಾನವನ್ನೇ ಬಾಳಿಗೂ ಹಚ್ಚಿದರೆ ಅನ್ಯಾಯವು ಪ್ರಾರಂಭವಾಗುತ್ತದೆ. ತಾನು ಹೆಣ್ಣೆಂದು ಬಲ್ಲವಳ ದನಿಯನ್ನು ಕೇಳಿ ‘ಎಷ್ಟು ಚೆನ್ನಾಗಿ ನಟಿಸುತ್ತಾಳೆ’ ಎಂದರೆ, ಹೊಗಳಿಕೆಯ ಹೆಸರಿನಲ್ಲಿ ಅವಳ ನಿಜವನ್ನೇ ಅಲ್ಲಗಳೆದಂತಾಯಿತು.

ಈ ಕಂಠಸಾಧನೆಯು ಎಂತಹದೆಂಬುದನ್ನು ವಾಚಕರು ಸ್ವಲ್ಪ ತಿಳಿದಿರುವುದು ಲೇಸು. ಗಂಡು ಹುಡುಗರ ಪ್ರಾಯದಲ್ಲಿ ಟೆಸ್ಟೋಸ್ಟೆರಾನ್ ಎಂಬ ರಸದಿಂದ ಗಂಟಲಿನ ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿ ದನಿಯು ಒಡೆಯುತ್ತದೆ. ಆಮೇಲೆ ಮಾತಿನ ಶ್ರುತಿಯು ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 130 ಕಂಪನಗಳಷ್ಟಿರುತ್ತದೆ; ಹೆಂಗಸರಲ್ಲಿ ಸುಮಾರು 180ರಿಂದ 220. ಗಂಡಾಗಿ ಬಾಳಲು ಆ ರಸವನ್ನು ಔಷಧವಾಗಿ ಪಡೆಯುವವರ ದನಿಯು ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಣ್ಣಾಗಿ ಬಾಳುವವರಿಗೆ ಆ ಅನುಕೂಲವಿಲ್ಲ: ಈಸ್ಟ್ರೋಜನ್ ಎಷ್ಟು ಸೇವಿಸಿದರೂ ಒಮ್ಮೆ ದಪ್ಪವಾದ ತಂತುಗಳು ತೆಳುವಾಗವು. ಶಸ್ತ್ರಚಿಕಿತ್ಸೆಯುಂಟಾದರೂ ಅದು ಮುಖ್ಯವಾಗಿ ಶ್ರುತಿಯನ್ನು ಮಾತ್ರ ಏರಿಸಬಲ್ಲದು. ಹೀಗಾಗಿ ಸಾಧನೆಯೇ ಗತಿ.

ಸಾಧನೆಯೆಂದರೆ ಶ್ರುತಿಯನ್ನು ಏರಿಸುವುದು ಮಾತ್ರವೆಂದು ತಿಳಿಯಬಾರದು. ಹಾಗೆ ಮಾಡಿದಾಗ ಹೊರಡುವುದು ಕಳ್ಳದನಿ. ನಮ್ಮ ಚಲಚ್ಚಿತ್ರಗಳ ಹಾಸ್ಯಪ್ರಸಂಗಗಳಲ್ಲಿ ಸೀರೆಯುಟ್ಟ ನಟನು ಕೀರಲು ದನಿಯಿಂದ ನಗಿಸುವುದು ಇದರಿಂದಲೇ. ಹೆಣ್ಣುದನಿಯೆಂಬ ಭಾವವು ಬಹುಮಟ್ಟಿಗೆ ಅನುರಣನದಲ್ಲಿದೆ: ಗಂಟಲಿನಿಂದ ತುಟಿಯವರೆಗಿನ ಪೊಳ್ಳು ದೊಡ್ಡದಾದಷ್ಟೂ ದನಿಯು ಗಂಭೀರವಾಗುತ್ತದೆ. ಧ್ವನಿಪೆಟ್ಟಿಗೆಯನ್ನು ಮೆಲ್ಲಗೆ ಮೇಲೆತ್ತಿ, ನಾಲಗೆಯನ್ನು ಮುಂದಕ್ಕೆ ತಂದು, ಆ ಪೊಳ್ಳನ್ನು ಕಿರಿದುಗೊಳಿಸುವುದನ್ನು ಕಲಿಯಬೇಕು. ಬಾಯಿ ಮುಚ್ಚಿ ಗುಂಯ್‌ಗುಡಬೇಕು. ತೆಳುವಾದ ಕೊಳವೆಯಲ್ಲಿ ಉಸಿರಿನೊಡನೆ ಸ್ವರವನ್ನು ಬಿಡಬೇಕು. ಆಮೇಲೆ ಒಂದು ಅಕ್ಷರ, ಒಂದು ಪದ, ಒಂದು ವಾಕ್ಯ. ಕಡೆಗೆ ಮಾತಿನ ಏರಿಳಿತ, ಕೆಮ್ಮು, ನಗೆ. ಮುಂಜಾವದಲ್ಲಿ ಮಂದ್ರಸಾಧನೆ ಮಾಡಿದ ಸಂಗೀತಗಾರರಿಗೆ ಈ ತಪಸ್ಸನ್ನು ವಿವರಿಸಬೇಕಾಗಿಲ್ಲ. ಗುರುವಿಲ್ಲದೆ ಬಲಾತ್ಕಾರದಿಂದ ಸಾಧಿಸಹೊರಟರೆ ಗಂಟಲು ಬಿಗಿದು ನೋಯುವುದೂ ಉಂಟು. ವಿಶ್ವ ಟ್ರಾನ್ಸ್‌ಜೆಂಡರ್ ಆರೋಗ್ಯ ವೃತ್ತಿಪರರ ಸಂಘವು 2022ರಲ್ಲಿ ಹೊರತಂದ ಆರೈಕೆಯ ಸೂತ್ರಗಳಲ್ಲಿ ದನಿಗಾಗಿಯೇ ಒಂದು ಅಧ್ಯಾಯವಿದೆ. ವಾಕ್ ಚಿಕಿತ್ಸಕರನ್ನು ತಯಾರಿಸುವ ಅಖಿಲ ಭಾರತ ಸಂಸ್ಥೆಯು 1965ರಿಂದ ನಮ್ಮ ಮೈಸೂರಿನಲ್ಲಿಯೇ ಇದೆ. ವಿದ್ಯೆಯು ನಮ್ಮಿಂದ ದೂರದಲ್ಲಿಲ್ಲ.

‘ಇಷ್ಟು ಕಷ್ಟದಿಂದ ಕಲಿತುದು ಕೃತಕವಲ್ಲವೆ?’ ಎಂದು ಕೆಲವರು ಆಕ್ಷೇಪಿಸಬಹುದು. ಪುರೋಹಿತರ ಮಂತ್ರಘೋಷ, ಅರ್ಥಧಾರಿಯ ವಾಗ್ಝರಿ, ಬಾನುಲಿಯಲ್ಲಿ ವಾರ್ತೆಯನ್ನೋದುವವರ ಗಾಂಭೀರ್ಯ, ಇವೆಲ್ಲವೂ ಕಲಿತ ದನಿಗಳೇ. ಅವನ್ನು ನಾವು ಸಂಸ್ಕಾರವೆನ್ನುತ್ತೇವೆ. ಹುಡುಗಿಗೆ ‘ಮೆಲ್ಲಗೆ ಮಾತಾಡು’ ಎಂದೂ ಹುಡುಗನಿಗೆ ‘ಹೆಣ್ಣಿನ ಹಾಗೆ ಅಳಬೇಡ’ ಎಂದೂ ಹೇಳಿ ಪ್ರತಿಯೊಂದು ಮನೆಯೂ ಕಂಠಶಿಕ್ಷಣವನ್ನು ಕೊಡುತ್ತಲೇ ಬಂದಿದೆ. ಆ ಶಿಕ್ಷಣವು ತಮ್ಮ ಸ್ವಭಾವಕ್ಕೆ ವಿರುದ್ಧವಾಗಿತ್ತೆಂದು ಕಂಡವರು ಪುನಃ ಮೊದಲಿನಿಂದ ಕಲಿಯುತ್ತಾರೆ, ಭೇದವಿಷ್ಟೇ.

ಆದುದರಿಂದ ಬಾಳಿನ ದನಿಗೆ ಬೇರೊಂದು ಮಾನ ಬೇಕು. ಕೇಳುವವರನ್ನು ಭ್ರಮೆಗೊಳಿಸಿತೇ ಎಂಬುದು ಪ್ರಶ್ನೆಯಲ್ಲ. ಬೆಳಗಿನಿಂದ ರಾತ್ರಿಯವರೆಗೆ, ಸಂತೆಯಲ್ಲಿಯೂ ದೂರವಾಣಿಯಲ್ಲಿಯೂ, ಕೋಪದಲ್ಲಿಯೂ ನಗೆಯಲ್ಲಿಯೂ, ನೋವಿಲ್ಲದೆ ಆ ದನಿಯಲ್ಲಿ ವಾಸಿಸಲು ಸಾಧ್ಯವೇ ಎಂಬುದೇ ಪ್ರಶ್ನೆ. ಹೆಣ್ಣೂ ಅಲ್ಲ ಗಂಡೂ ಅಲ್ಲವೆಂದು ತಮ್ಮನ್ನು ಅರಿತವರಿಗೂ ಈ ಮಾನವು ಸಲ್ಲುತ್ತದೆ. ಅವರಲ್ಲಿ ಕೆಲವರು ಎರಡರ ನಡುವಣ ಶ್ರುತಿಯನ್ನೇ ಬಯಸಿ ಸಾಧಿಸುತ್ತಾರೆ. ಭ್ರಮೆಯೇ ಪರೀಕ್ಷೆಯಾದರೆ ಅವರು ಎಂದೆಂದಿಗೂ ತೇರ್ಗಡೆಯಾಗರು.

ಸಾಧನೆಯನ್ನು ಬೇಡವೆನ್ನುವವರ ಹಕ್ಕನ್ನೂ ಮರೆಯಬಾರದು. ಬಳ್ಳಾರಿ ಸೀಮೆಯಿಂದ ಬಂದು, ಎಲ್ಲಮ್ಮನ ಪದಗಳನ್ನೂ ಜೋಗತಿ ನೃತ್ಯವನ್ನೂ ನಾಡಿಗೆ ಪರಿಚಯಿಸಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಗೌರವಕ್ಕೆ ಕಾರಣ ಅವರ ಕಲೆ. ದನಿಯು ಯಾವ ಲಿಂಗದ್ದೆಂಬ ತೀರ್ಪಲ್ಲ. ಚೌಡಿಕೆಯ ಪದ ಮುಗಿಯುವವರೆಗೆ ಭಕ್ತಿಯಿಂದ ಕೇಳಿದ ಕಿವಿಯೇ, ಅದು ಮುಗಿದೊಡನೆ ಬೀದಿಯಲ್ಲಿ ಅದೇ ಕಂಠವನ್ನು ಅಣಕಿಸಿದರೆ ತಪ್ಪು ಕಂಠದ್ದಲ್ಲ. ಕಂಠಶಿಕ್ಷಣವು ಬಯಸಿದವರಿಗೆ ದೊರೆಯುವ ವಿದ್ಯೆಯಾಗಬೇಕು. ಮರ್ಯಾದೆಗೆ ತೆರಬೇಕಾದ ಸುಂಕವಾಗಬಾರದು.

ಕೇಳುವವರಾದ ನಮಗೆ ಉಳಿಯುವ ಕೆಲಸವು ಕಷ್ಟದ್ದೇನಲ್ಲ. ದೂರವಾಣಿಯಲ್ಲಿ ಅಪರಿಚಿತ ಕಂಠವೊಂದು ‘ನಾನು’ ಎಂದಾಗ, ‘ಅವನೋ ಅವಳೋ’ ಎಂದು ತೂಗಲು ತ್ವರೆಪಡದೆ ಹೆಸರನ್ನು ಕೇಳಬಹುದು. ಅನುಮಾನವುಳಿದರೆ ‘ಅವರು ಬಂದರು’ ಎಂಬ ಗೌರವದ ರೂಪವಿದ್ದೇ ಇದೆ. ಅದರಲ್ಲಿಯೂ ನಮ್ಮ ನುಡಿಯು ಹೆಣ್ಣುಗಂಡೆಂದು ವಿಂಗಡಿಸುವುದಿಲ್ಲ.